ನರಳುವ ಸ್ಟೀರಿಂಗು

ಮಸೀದಿಯ ಮೂಲೆಯಲ್ಲಿ ಗಾಡಿ ಓಣಿಗೆ ಹೊರಳಿದ ಕೂಡಲೇ ಅದು ನರಳುವ ಸದ್ದು ರಜಿಯಾಬಿಯ ಅಡಿಗೆಮನೆಗೆ ಬಂದು ಮುಟ್ಟುತ್ತಿತ್ತು. ಗೊರ್ ಎಂದು ಸಣ್ಣಗೆ ಶುರುವಾಗಿ, ಹೊರಳು ಮುಗಿಯುವ ಹೊತ್ತಿಗೆ ಕರು ಕಳೆದುಕೊಂಡ ಎಮ್ಮೆಯ ಹಾಗೆ ಒದರಿ, ಆಮೇಲೆ ತಟ್ಟನೆ ನಿಲ್ಲುತ್ತಿತ್ತು. ಅದು ಕೇಳಿಸಿದರೆ ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಸೊಸೆ ನಾಜಮೀನಳಿಗೆ, "ತಾಟ ಇಡವಾ, ಬಂದ್ರು," ಎನ್ನುತ್ತಿದ್ದಳು.

ಮಿಶ್ರಿಕೋಟಿಯಲ್ಲಿ ಬಾಡಿಗೆ ಕಾರುಗಳು ಈಗ ಬೇಕಾದಷ್ಟು. ಆದರೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾತ್ರ, ಯಾವ ಓಣಿಯವರೇ ಇರಲಿ, ಯಾವ ಜಾತಿಯವರೇ ಇರಲಿ, ರಜಿಯಾಬಿಯ ಗಂಡ ಫಕ್ರುಸಾಬನ ಏಳು ಸೀಟಿನ ಬಿಳಿ ಗಾಡಿಯನ್ನೇ ಹೇಳುತ್ತಿದ್ದರು. ಈ ಪದ್ಧತಿ ಯಾರು ಹಾಕಿದ್ದೋ ಯಾರಿಗೂ ನೆನಪಿಲ್ಲ. ಹುಡುಗಿಯ ತಂದೆಯಿಂದ ಅವನು ಡೀಸೆಲ್ ಹಾಕಿಸಿಕೊಳ್ಳುತ್ತಿದ್ದ, ಬಾಡಿಗೆ ಮುಟ್ಟುತ್ತಿರಲಿಲ್ಲ. ಹುಡುಗಿಯನ್ನು ಮುಟ್ಟಿಸಿ ಬಂದವನು ತನ್ನ ಮನೆಗೆ ಬರುವ ಮೊದಲು ಅವಳ ತಾಯಿಯ ಬಾಗಿಲಿಗೆ ಹೋಗಿ, ಹುಡುಗಿ ಎಲ್ಲಿ ಅಳು ನಿಲ್ಲಿಸಿದಳು, ಎಲ್ಲಿ ನೀರು ಕೇಳಿದಳು, ಅತ್ತೆಯ ಮನೆಯಲ್ಲಿ ಯಾರು ಕೈ ಹಿಡಿದು ಇಳಿಸಿಕೊಂಡರು ಎಂಬುದನ್ನೆಲ್ಲ ಹೇಳಿ ಬರುತ್ತಿದ್ದ.

ಈಗ ಅವನ ಮಗಳದೇ ಸರದಿ. ಇರಮಳ ನಿಕಾಹ್ ಅಣ್ಣಿಗೇರಿಯಲ್ಲಿ ಮೋಟಾರು-ಪೈಪಿನ ಅಂಗಡಿ ಇಟ್ಟ ಹುಡುಗನೊಂದಿಗೆ ಗೊತ್ತಾಗಿತ್ತು, ಬರುವ ತಿಂಗಳು. ಹುಡುಗನ ಕಡೆಯವರು ಹೂವು ಹಾಕಿದ ಹೊಸ ಕಾರು ತರುತ್ತೇವೆಂದಾಗ ಇರಮ್ ತಾನೇ ಫೋನು ಇಸಿದುಕೊಂಡು, "ನಮ್ಮ ಅಬ್ಬಾ ಊರಿನ ಹುಡಿಗ್ಯಾರನೆಲ್ಲಾ ಮುಟ್ಟಿಸ್ಯಾರ್ರಿ. ನಾ ಒಬ್ಬಾಕಿ ಮಂದಿ ಗಾಡ್ಯಾಗ ಬರಬೇಕೇನು? ಅಬ್ಬಾ ನಡಸಿದ್ರನ ಬರ್ತೀನಿ," ಎಂದುಬಿಟ್ಟಿದ್ದಳು. ಫಕ್ರುಸಾಬ ಈ ಮಾತನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ರವಿವಾರ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ದಾನೀಶ್ ಗಾಡಿಯ ಮಾತು ತೆಗೆದ. ಅವನು ರಜಿಯಾಬಿಯ ಒಬ್ಬನೇ ಮಗ, ನಾಜಮೀನಳ ಗಂಡ. ಕಲಘಟಗಿಯ ಸಿಮೆಂಟ್ ಅಂಗಡಿಯೊಂದರ ಟೆಂಪೋ ನಡೆಸುತ್ತಿದ್ದ.

"ಅಬ್ಬಾ, ಗಾಡಿ ಭಾಳ ಒದರಾಕ್ಹತ್ತೇತಿ. ಅಣ್ಣಿಗೇರಿ ಮಂದಿ ಮುಂದ ಹಿಂಗ ಒದರಿದ್ರ ಬ್ಯಾಂಡಿನವರನ್ನ ಹೇಳೂದ ಬ್ಯಾಡ, ಅದ ಸಾಕು."

ನಾಜಮೀನ್ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇರಮ್ ಅಣ್ಣನ ಬೆನ್ನಿಗೆ ಗುದ್ದಿದಳು.

"ಒದರೂದು ಬಿಡು," ಫಕ್ರುಸಾಬ ಹೇಳಿದ. "ಸ್ಟೇರಿಂಗ್ ಕಲ್ಲಾಗೇತಿ. ತಿರಗೂದ ಇಲ್ಲ. ಗಾಡಿ ಕೆಟ್ಟೇತಿ."

"ಆಯಿಲ್ ನೋಡೀರೇನು?"

"ಮೂವತ್ತು ವರ್ಷ ಸ್ಟೇರಿಂಗ್ ಹಿಡದಾಂವಗ ನೀ ಕೇಳ್ತಿ?"

"ಕೇಳಿದ್ದಕ್ಕ ಜವಾಬು ಕೊಡ್ರಿ. ನೋಡೀರೋ ಇಲ್ಲೋ?"

"ಉಣ್ರೋ ಮೊದಲ," ರಜಿಯಾಬಿ ನಡುವೆ ಬಂದಳು. "ಸಾರು ಆರಾಕ್ಹತ್ತೇತಿ. ಆಯಿಲಿನ ಮಾತು ಆಮ್ಯಾಲ."

ಗಂಡನ ತಾಟಿನಲ್ಲಿ ಅವಳು ರೊಟ್ಟಿಯನ್ನು ತಾನೇ ಮುರಿದು ಸಾರಿನಲ್ಲಿ ನೆನೆಸಿ ಇಟ್ಟಿದ್ದಳು. ಹಲ್ಲು ನೋಯುತ್ತದೆ, ಕಟಕ ರೊಟ್ಟಿ ಆಗುವುದಿಲ್ಲ ಎಂದು ಅವನು ಹೇಳಿ ಎರಡು ತಿಂಗಳಾಗಿತ್ತು.

"ಅಬ್ಬಾಗ ಬಾಣಂತಿ ಊಟ ಹಾಕ್ತಿ ನೀ," ದಾನೀಶ್ ಅಂದ.

"ಹಲ್ಲು ನೋಯ್ತಾವಂತ."

"ನೋಯೂ ಹಲ್ಲು ಕೀಳಸ್ಬೇಕು. ಇವರು ಆ ಹಲ್ಲೂ ಇಟಗೋತಾರ, ಆ ಗಾಡೀನೂ ಇಟಗೋತಾರ."

ಈ ಮಾತಿಗೆ ಫಕ್ರುಸಾಬನೂ ನಕ್ಕ. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕಡೆಯದೇನೋ ಎಂದು ರಜಿಯಾಬಿಗೆ ಆಮೇಲೆ ಅನ್ನಿಸಿತ್ತು.

ಆ ಸಂಜೆ ದಾನೀಶ್ ಗಾಡಿಯ ಬಾನೆಟ್ ಎತ್ತಿ ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಅದು ಸಡಿಲಾಗಿ ಒಳಗೆ ಹೋಯಿತು. ನಟ್ಟು ಬಿಚ್ಚಿ, ಸ್ಟೀರಿಂಗನ್ನು ಹಗುರ ಮಾಡುವ ಪಂಪನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಹಿಡಿದು, ಬೆಲ್ಟು ಬಿಗಿ ಮಾಡಿದ. ಗಾಡಿ ಚಾಲೂ ಮಾಡಿದಾಗ ಬರುತ್ತಿದ್ದ ಕಿರ್ ಎಂಬ ಚೀರು ನಿಂತಿತು. ನರಳಾಟ ನಿಲ್ಲಲಿಲ್ಲ. ಮರುದಿನ ಎದುರುಮನೆಯ ದ್ವಾರಕಾಬಾಯಿ ಹುಬ್ಬಳ್ಳಿಗೆ ಕಣ್ಣು ತೋರಿಸಲು ಅದೇ ಗಾಡಿಯಲ್ಲಿ ಹೋಗಿ ಬಂದರು. ಅವರು ಊರ ಶಾಲೆಯಲ್ಲಿ ಅಕ್ಕಾರಾಗಿ ನಿವೃತ್ತರಾದವರು. ಅವರ ಮಗಳು ಧನಶ್ರೀಯೂ ನವಲಗುಂದದ ಗಂಡನ ಮನೆಗೆ ಹೋದದ್ದು ಫಕ್ರುಸಾಬನ ಗಾಡಿಯಲ್ಲೇ.

"ರಜಿಯಾ, ನಿಮ್ಮ ಗಾಡಿಗೆ ಹೊಟ್ಟಿನೋವು ಬಂದದ," ಇಳಿಯುತ್ತ ಅವರು ಅಂದರು. "ಹೊರಳಿನ್ಯಾಗೆಲ್ಲ ಅಯ್ಯೋ ಅಂತದ."

"ಮೀರಾಸಾಬನ ಕಡೆ ಒಯ್ತೀನ್ರಿ ಅಕ್ಕಾರ," ಎಂದ ಫಕ್ರುಸಾಬ. ಬಾಗಿಲು ಹಾಕಲು ಅವನು ಕೈಯನ್ನಲ್ಲ, ಟೊಂಕವನ್ನು ಬಳಸಿದ. ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಕಲಘಟಗಿಯ ಮೀರಾಸಾಬ ಇವರ ದೂರದ ಸಂಬಂಧಿ, ಗ್ಯಾರೇಜು ಇಟ್ಟವನು. ಸ್ಟೀರಿಂಗಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿ ಮೂಸಿ ನೋಡಿದ. ಆಯಿಲ್ ಸುಟ್ಟು ಕಾಡಿಗೆಯಂತಾಗಿತ್ತು, ಮೇಲೆ ನೊರೆ ಬೇರೆ. ಹಳೆಯದನ್ನೆಲ್ಲ ಬಸಿದು, ಹೊಸದು ಹಾಕಿ, ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಸ್ಟೀರಿಂಗನ್ನು ಆ ಕಡೆಯಿಂದ ಈ ಕಡೆಗೆ ತಿರುವಿ ತಿರುವಿ ಒಳಗಿನ ಗಾಳಿ ಹೊರಗೆ ಹಾಕಿದ. ಗಾಡಿ ಮನೆಗೆ ಬಂದಾಗ ಸದ್ದಿರಲಿಲ್ಲ. ರಜಿಯಾಬಿ ತಾಟು ಇಡಿಸಿರಲೇ ಇಲ್ಲ. ಗಂಡ ಬಾಗಿಲಲ್ಲಿ ಬಂದು ನಿಂತಾಗಲೇ ಗೊತ್ತಾದದ್ದು.

ವಾರ ತುಂಬುವುದರೊಳಗೆ ಮತ್ತೆ ಗೊರ್ ಅಂದಿತು.

ಎರಡನೆಯ ಸಲ ಗಾಡಿಯನ್ನು ದಾನೀಶನೇ ಒಯ್ದ. ತಿರುಗಿ ಬಂದವನ ಮುಖ ಗಂಟಿಕ್ಕಿತ್ತು. ಅಂಗಳದಲ್ಲಿ ರಜಿಯಾಬಿ ಮದುವೆಯ ಅಕ್ಕಿ ಕೇರುತ್ತಿದ್ದಳು, ಸೊಸೆ-ಮಗಳು ಕಲ್ಲು ಆರಿಸುತ್ತಿದ್ದರು.

"ಆಯಿಲ್ ಮತ್ತ ಸುಟ್ಟೇತಿ," ಅಂದ. "ಇಷ್ಟ ದಿನದಾಗ. ಪಂಪೂ ಹೋಗೇತಿ. ಮೀರಾಸಾಬ ಏನಂದ ಗೊತ್ತೇನು ಅಮ್ಮಾ? ಸ್ಟೇರಿಂಗ್ ಕಡೀತನಾ ತಿರುವಿ ಹಂಗ ಜೋತ್ಕೊಂಡು ನಿಂತ್ರ ಪಂಪ್ ಹಿಂಗ ಆಗ್ತೇತಂತ. ಕಡೀಗೆ ಮುಟ್ಟಿದ ಮ್ಯಾಲೆ ಬಟ್ಟಿನಷ್ಟು ಸಡ್ಲ ಬಿಡಬೇಕು. ಹೊಸಾದಾಗಿ ಗಾಡಿ ಕಲಿಯವ್ರು ಹಂಗ ಮಾಡ್ತಾರ. ಮೂವತ್ತು ವರ್ಷ ನಡಸಿದವರು ಮಾಡ್ತಾರೇನು?"

ಕಟ್ಟೆಯ ಮೇಲೆ ಕೂತಿದ್ದ ಫಕ್ರುಸಾಬನಿಗೆ ಅದು ಕೇಳಿಸಬೇಕೆಂದೇ ಹೇಳಿದ್ದು.

"ಮೀರಾಸಾಬಗ ಗಾಡಿ ನಡಸಾಕ ಕಲಸಿದಾಂವ ನಾನು," ಫಕ್ರುಸಾಬ ಅಂದ.

"ಅವಗ ಛಲೋ ಕಲಸೀರಿ. ನೀವ ಮರತೀರಿ."

"ದಾನೀಶ್," ರಜಿಯಾಬಿ ಮೊರ ಕೆಳಗಿಟ್ಟಳು. "ಅಪ್ಪಗ ಹಂಗ ಮಾತಾಡ್ತಾರೇನು?"

"ನಾ ಗಾಡಿ ಮಾತು ಆಡಾಕ್ಹತ್ತೇನಿ ಅಮ್ಮಾ."

ಮದುವೆಗೆಂದು ಎತ್ತಿಟ್ಟದ್ದರಲ್ಲಿ ಕೈಹಾಕಿ ಹೊಸ ಪಂಪು ಹಾಕಿಸಿದರು. ಪೈಪುಗಳನ್ನೂ ಬದಲಿಸಿದರು. ಮೀರಾಸಾಬ ತಾನೇ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿ, ಚಹಾ ಕುಡಿದು, "ಈಗ ನೀರಾಗ ಕೈ ಆಡಿಸಿದಂಗ ತಿರಗ್ತೇತಿ ಕಾಕಾ," ಎಂದು ಹೇಳಿ ಬಸ್ಸು ಹತ್ತಿದ. ಫಕ್ರುಸಾಬ ಊರಾಚೆ ಒಂದು ಸುತ್ತು ಹೋಗಿ ಬಂದ. ಕೆಳಗೆ ಇಳಿದು ಟವೆಲಿನಿಂದ ಬೆವರು ಒರೆಸಿಕೊಂಡ.

"ಸದ್ದು ಹೋಗೇತಿ. ಬಿರುಸು ಹಂಗ ಐತಿ," ಅಂದ.

ದಾನೀಶ್ ಹೋಗಿ ಗಾಡಿ ಚಾಲೂ ಮಾಡಿದ. ಕಿಟಕಿಯಿಂದ ಎಲ್ಲರಿಗೂ ಕಾಣುವಂತೆ ಬಲಗೈಯ ತೋರುಬೆರಳೊಂದನ್ನೇ ಸ್ಟೀರಿಂಗಿಗೆ ಸಿಕ್ಕಿಸಿ ಆ ಕಡೆಯಿಂದ ಈ ಕಡೆಗೆ ತಿರುವಿದ. ಗಾಲಿಗಳು ಮಣ್ಣಿನಲ್ಲಿ ಹಗುರಾಗಿ ಹೊರಳಿದವು.

"ನೋಡ್ರಿ. ಒಂದು ಬಟ್ಟು. ಇನ್ನೂ ಬಿರುಸು ಅಂತೀರಿ? ಗಾಡಿ ಕೆಟ್ಟಿಲ್ಲ ಅಬ್ಬಾ, ನಿಮ್ಮ ತೋಳು ಸೋತಾವ. ವಯಸ್ಸಾತು. ಆ ಕೀ ಕೊಡ್ರಿ ಇಲ್ಲೆ. ರುಕ್ಸತ್ ದಿನ ತಂಗೀನ್ನ ಕಳಸೂವಾಗ ನಾ ನಡಸ್ತೀನಿ."

"ನಾ ಸಾಯೂತನಾ ಈ ಕೀ ನನ್ನ ಕಿಸೆದಾಗ ಇರತೈತಿ."

"ಅಬ್ಬಾನ ನಡಸ್ಬೇಕು," ಒಳಗಿನಿಂದ ಇರಮ್ ಬಂದಳು. "ನೀ ಯಾರು ಕೀ ಕೇಳಾಂವ? ನಾ ಅಣ್ಣಿಗೇರಿಯವ್ರಿಗೆ ಮಾತು ಕೊಟ್ಟೇನಿ."

"ನೀ ಒಬ್ಬಾಕಿ ಕಡಿಮಿ ಇದ್ದಿ," ಎಂದ ದಾನೀಶ್. ಗಾಡಿಯ ಬಾಗಿಲನ್ನು ದೊಡ್ಡದಾಗಿ ಹಾಕಿ ಹೊರಗೆ ಹೋದ.

ಫಕ್ರುಸಾಬ ಆ ಹೊತ್ತು ಉಣ್ಣಲಿಲ್ಲ. ಅವನ ತಾಟನ್ನು ರಜಿಯಾಬಿ ಮುಚ್ಚಿಟ್ಟಳು. ಗಂಡ ಸಿಟ್ಟಿನಿಂದ ಉಪವಾಸ ಕೂರುವ ಜಾತಿಯವನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಂಗಿ ತೊಡುವಾಗ ಗುಂಡಿಯನ್ನು ತನ್ನಿಂದಲೇ ಹಾಕಿಸಿಕೊಳ್ಳುವುದು, ಚಹಾದ ಬಟ್ಟಲನ್ನು ಎರಡೂ ಅಂಗೈಯ ನಡುವೆ ಹಿಡಿಯುವುದು, ಇವೆಲ್ಲ ಅವಳ ಕಣ್ಣಿಗೆ ಬಿದ್ದಿದ್ದವು. ಮಗಳನ್ನು ಕಳಿಸುವ ಹೊತ್ತಿಗೆ ಗಂಡಸರು ಎಳೆಮಕ್ಕಳಂತಾಗುತ್ತಾರೆ ಎಂದುಕೊಂಡು ಅವಳು ಗುಂಡಿ ಹಾಕಿದ್ದಳು, ಅಷ್ಟೇ.

ಮೂರನೆಯ ವಾರ ದೇವಿಕೊಪ್ಪಕ್ಕೆ ಹೋಗಬೇಕಾಗಿ ಬಂತು. ರಜಿಯಾಬಿಯ ಅಕ್ಕ ತಬಸುಮ್ ಅಲ್ಲಿದ್ದಳು. ಮದುವೆಯ ದಾವತ್ ಹೇಳಲು ತಂಗಿಯೇ ಬರಲಿಲ್ಲವೆಂದರೆ ಮದುವೆಗೆ ಕಾಲಿಡುವವಳಲ್ಲ. ಗಂಡ-ಹೆಂಡತಿ ಇಬ್ಬರೇ ಹೊರಟರು. ಇಷ್ಟು ವರ್ಷದಲ್ಲಿ ರಜಿಯಾಬಿ ಮುಂದಿನ ಸೀಟಿನಲ್ಲಿ ಕೂತದ್ದು ಬಲು ಕಡಿಮೆ. ಆ ಸೀಟು ಯಾವತ್ತೂ ಬಾಡಿಗೆಯವರದು, ಅವಳು ಹಿಂದೆ ಮಕ್ಕಳ ನಡುವೆ.

ನೆಟ್ಟಗಿನ ದಾರಿಯಲ್ಲಿ ಎಲ್ಲ ಸರಿಯಿತ್ತು. ಕಲಘಟಗಿ ದಾಟಿ ಕಾಡಿನ ಹಾದಿ ಶುರುವಾದ ಮೇಲೆ ಹೊರಳುಗಳು ಬಂದವು. ಮೊದಲನೆಯ ಹೊರಳಿನಲ್ಲೇ ಅವಳು ನೋಡಿದಳು. ಫಕ್ರುಸಾಬ ಸ್ಟೀರಿಂಗನ್ನು ಬೆರಳುಗಳಿಂದ ಹಿಡಿಯಲೇ ಇಲ್ಲ. ಎಡಗೈಯನ್ನು ಮೊಣಕೈ ತನಕ ಅದರೊಳಗೆ ತೂರಿಸಿ, ಮೈಯನ್ನೆಲ್ಲ ಬಲಕ್ಕೆ ಒಗೆದು ಎಳೆದ. ಎಳೆತ ಹೆಚ್ಚಾಗಿ ಸ್ಟೀರಿಂಗು ಕಡೆಯ ತನಕ ಹೋಗಿ ನಿಂತಿತು. ಅವನು ಅದರ ಮೇಲೆ ಎದೆ ಊರಿ ಹಾಗೇ ಜೋತ. ಆಗ ಹೊಸ ಪಂಪು ಗೊರ್ ಅಂದಿತು. ಅವನು ಮೈ ಎತ್ತಿದ ಕೂಡಲೇ ಸದ್ದು ನಿಂತಿತು.

ಇನ್ನೊಂದು ಹೊರಳು, ಮತ್ತೆ ಹಾಗೇ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಬಂತು. ಟ್ರ್ಯಾಕ್ಟರಿನವನು ಬೈಯುತ್ತ ಬದಿಗೆ ಸರಿದ.

"ಬಾಜೂಕ ಹಚ್ರಿ ಗಾಡಿ," ರಜಿಯಾಬಿ ಅಂದಳು.

"ಯಾಕ?"

"ಹಚ್ರಿ ಅಂದ್ನೆಲ್ಲ."

ತೇಗದ ಮರಗಳ ಕೆಳಗೆ ಗಾಡಿ ನಿಂತಿತು. ರಜಿಯಾಬಿ ತನ್ನ ಬಲಗೈ ಚಾಚಿದಳು.

"ಹಿಚುಕ್ರಿ."

"ಹುಚ್ಚು ಹಿಡೀತೇನ ನಿನಗ?"

"ರೊಟ್ಟಿ ಬಡಿಯೂ ಕೈ ಐತಿ, ಮುರಿಯೂದಿಲ್ಲ. ಜೋರಲೆ ಹಿಚುಕ್ರಿ."

ಅವನು ಎಡಗೈಯಿಂದ ಹಿಡಿದ. ಅವಳು ಕಾದಳು. ಅವನ ಹಣೆಯ ನರ ಉಬ್ಬಿತು, ತುಟಿ ಬಿಗಿಯಿತು. ಅವಳ ಕೈಗೆ ಮಾತ್ರ ಹಾಲುಗೂಸು ಬೆರಳು ಹಿಡಿದಷ್ಟೂ ಬಿಗಿ ತಾಗಲಿಲ್ಲ. ಅವಳು ಆ ಕೈಯನ್ನು ತಿರುವಿ ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಮಾಂಸ ಇರಬೇಕಾದ ಜಾಗ ಕುಳಿಬಿದ್ದಿತ್ತು.

"ಎಂದಿನಿಂದ?"

"ಮಳಿಗಾಲದಿಂದ." ಅವನು ಬಲಗೈಯನ್ನೂ ಮುಂದೆ ಚಾಚಿದ. "ಮೊದಲ ಇದೊಂದ ಕೈ ಇತ್ತು. ಈಗ ಬಲಗೈ ಹೆಬ್ಬಟ್ಟೂ ಸೋಲಾಕ್ಹತ್ತೇತಿ. ಗಾಡಿ ಕೆಟ್ಟೇತಿ ಅಂತ ನಾನೂ ನಂಬಿದ್ದೆ ರಜಿಯಾ. ಸದ್ದು ಬರ್ತಿತ್ತಲ್ಲ. ಪಂಪ್ ಬದಲಿ ಮಾಡಿದ್ರ ಹಗುರ ಆಗ್ತೇತಿ ಅಂತ ಅಗದಿ ನಂಬಿದ್ದೆ."

"ಹಲ್ಲು?"

"ಹಲ್ಲು ನೆಟ್ಟಗ ಅದಾವ."

ಮರದ ಮೇಲೆ ಮಂಗಗಳು ಜಿಗಿದಾಡುತ್ತಿದ್ದವು. ರಜಿಯಾಬಿ ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡೇ ಇದ್ದಳು.

"ರುಕ್ಸತ್ ಮುಗಿಯೂತನಾ ಯಾರಿಗೂ ಹೇಳಬ್ಯಾಡ," ಫಕ್ರುಸಾಬ ಅಂದ. "ಆಕೀನ ಒಂದ ಸಲ ಮುಟ್ಟಿಸಿ ಬರ್ತೀನಿ. ಆಮ್ಯಾಲ ನೀ ಹೇಳಿದಂಗ."

"ಮುಟ್ಟಿಸ್ತೀರೋ ಕೆರಿಗೆ ಕೆಡವತೀರೋ? ಮೊನ್ನೆ ಅಕ್ಕಾರನ್ನ ಕುಂದರಿಸ್ಕೊಂಡು ಹುಬ್ಬಳ್ಳಿಗೆ ಹೋಗಿದ್ರಿ. ಅವರ ಮಗಳು ಕೇಳಿದ್ರ ಏನಂತ ಹೇಳ್ತಿದ್ರಿ?"

ದೇವಿಕೊಪ್ಪ ಇನ್ನೂ ಮುಂದಿತ್ತು, ಮನೆ ಹಿಂದಿತ್ತು, ಕಾಡಿನ ನಡುವೆ ಗಾಡಿ ಬಿಟ್ಟು ಹೋಗುವಂತಿರಲಿಲ್ಲ. ಅವನು ಚಾಲೂ ಮಾಡಿದ. ಹೊರಳು ಬಂದಾಗ ಜನ್ಮದಲ್ಲಿ ಸ್ಟೀರಿಂಗು ಮುಟ್ಟದ ರಜಿಯಾಬಿ ಬಾಜುದಿಂದ ಎಡಗಡೆಯ ಅಂಚು ಹಿಡಿದಳು. "ಎಳಿ," ಎಂದರೆ ಎಳೆದಳು, "ಬಿಡು," ಎಂದರೆ ಬಿಟ್ಟಳು. ಇಬ್ಬರೂ ಸೇರಿ ಹಾಗೆಯೇ ಹೋಗಿ, ದಾವತ್ ಹೇಳಿ, ತಬಸುಮ್ ಮಾಡಿದ ಶಾವಿಗೆ ಉಂಡು, ಹಾಗೆಯೇ ತಿರುಗಿ ಬಂದರು. ಹಾದಿಯ ತುಂಬ ಎಳಿ, ಬಿಡು ಎನ್ನುವುದರ ಹೊರತು ಬೇರೆ ಮಾತಿರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಗಂಡನ ಮಾತು ನಡೆಸಲಿಲ್ಲ. ಹಿತ್ತಲಲ್ಲಿ ಟೆಂಪೋದ ಧೂಳು ತೊಳೆದುಕೊಳ್ಳುತ್ತಿದ್ದ ದಾನೀಶನಿಗೆ ಎಲ್ಲ ಹೇಳಿದಳು. ಅವನು ಮುಖಕ್ಕೆ ಹಚ್ಚಿದ ಸಾಬೂನು ಒಣಗುವ ತನಕ ಚೆಂಬು ಹಿಡಿದು ನಿಂತಿದ್ದ.

ಇರಮಳಿಗೆ, ಹಲ್ಲು ಕೀಳಿಸಲು ಹೋಗುತ್ತಾರೆ ಎಂದು ಹೇಳಿದರು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಎರಡು ಮೂರು ಸಲ ಬಸ್ಸಿನಲ್ಲಿ ಓಡಾಡಿದ್ದಾಯಿತು. ಕೈಗೆ ಕಾಲಿಗೆ ಸೂಜಿ ಚುಚ್ಚಿ ಯಂತ್ರದಲ್ಲಿ ನೋಡಿದರು. ಕಡೆಯ ದಿನ ಡಾಕ್ಟರು ದಾನೀಶನನ್ನು ಒಳಗೆ ಕರೆದು ಮಾತಾಡಿದರು. ಫಕ್ರುಸಾಬ ಹೊರಗೆ ಬೆಂಚಿನ ಮೇಲೆ, ಬಂದು ಹೋಗುವ ಆಂಬುಲೆನ್ಸುಗಳನ್ನು ನೋಡುತ್ತ ಕೂತಿದ್ದ. ರಜಿಯಾಬಿ ಮಗನ ಹಿಂದೆ ಹೋಗಿ ಚಹಾದ ಗಾಡಿಯ ಹತ್ತಿರ ಹಿಡಿದಳು.

"ನರ ಒಣಗಾಕ್ಹತ್ತಾವಂತ ಅಮ್ಮಾ. ಕೈ ಆದ ಮ್ಯಾಲೆ ಕಾಲು. ಆಮ್ಯಾಲ ನುಂಗೂದು, ಮಾತು. ಗುಳಿಗಿ ಕೊಡ್ತಾರ, ಅದು ತಡೀತೈತಿ ಅಷ್ಟ. ಹೋದದ್ದು ತಿರುಗಿ ಬರೂದಿಲ್ಲಂತ."

"ಎಷ್ಟು ದಿನ ಅಂದ್ರು?"

"ಒಬ್ಬೊಬ್ಬರದು ಒಂದೊಂದು ಥರ ಅಂತ." ಅವನು ಗೋಡೆಯ ಕಡೆ ತಿರುಗಿದ. "ಕೀ ಕೊಡ್ರಿ ಅಂದ್ನೆಲ್ಲ ಅಮ್ಮಾ ನಾ. ಎಲ್ಲಾರ ಮುಂದ ಒಂದ ಬಟ್ಟಿಲೆ ತಿರುವಿ ತೋರಿಸಿದೆ."

"ತೋರಿಸಿದಿ. ನಾ ರೊಟ್ಟಿ ನೆನಸಿ ಹಾಕಿದೆ. ಯಾರಿಗೂ ತಿಳೀಲಿಲ್ಲ. ಚಾ ಕುಡಿ, ಮುಖ ತೊಳಕೊ. ಅವರ ಮುಂದ ಹಿಂಗ ಹೋಗಬ್ಯಾಡ."

ಫಕ್ರುಸಾಬ ಏನೂ ಕೇಳಲಿಲ್ಲ. ಜೀವಮಾನವೆಲ್ಲ ರೋಗಿಗಳನ್ನು ದವಾಖಾನೆಗೆ ಕರೆತಂದು, ಅವರ ಮಕ್ಕಳು ಡಾಕ್ಟರ ಕೋಣೆಯಿಂದ ಹೊರಬರುವುದನ್ನು ಕಂಡವನು. ಮಗನ ಮುಖ ನೋಡಿ, "ಬಸ್ ಹೊತ್ತಾತು, ಹೋಗೂಣು ನಡೀರಿ," ಅಂದ.

ಆದರೂ ಕೀ ಬಿಡಲಿಲ್ಲ. ದವಾಖಾನೆಯಿಂದ ಬಂದ ಮೇಲೆ ಹಟ ಹೆಚ್ಚಾಯಿತು. "ಊರ ಅಗಸಿತನಾ ಆದ್ರೂ ನಾ ನಡಸ್ತೀನಿ. ಆಮ್ಯಾಲ ದಾನೀಶ್ ತಗೊಳ್ಳಿ," ಎನ್ನುತ್ತಿದ್ದ. ದಾನೀಶ್ ಈಗ ಒಂದು ಮಾತೂ ಎದುರಾಡುತ್ತಿರಲಿಲ್ಲ. ಅವನು ಹಾಗೆ ಸುಮ್ಮನಿರುವುದೇ ಫಕ್ರುಸಾಬನಿಗೆ ಆಗುತ್ತಿರಲಿಲ್ಲ. "ಬಾಯಿ ಸತ್ತೈತೇನಲೇ ನಿಂದು? ಬೈ ನೋಡೂಣು ಮೊದಲಿನಂಗ," ಎಂದು ಒಂದು ದಿನ ಊಟದಿಂದ ಎದ್ದೇ ಹೋದ. ಇರಮ್ ತೆರೆದ ಬಾಯಿ ಮುಚ್ಚದೆ ನೋಡಿದಳು. "ಹಲ್ಲಿನ ಗುಳಿಗಿ ಉಷ್ಣ ಆಗಿರಬೇಕು," ಎಂದು ನಾಜಮೀನ್ ಅವಳ ತಾಟಿಗೆ ಅನ್ನ ಹಾಕಿದಳು.

ದ್ವಾರಕಾಬಾಯಿಗೆ ರಜಿಯಾಬಿ ತಾನಾಗಿಯೇ ಹೇಳಿದಳು. ಅವರು ತೆಂಗಿನಕಾಯಿ ಕೊಡಲು ಬಂದಿದ್ದರು. ಕೇಳಿ ಕಟ್ಟೆಯ ಮೇಲೆ ಕೂತುಬಿಟ್ಟರು.

"ಗಾಡಿ ಯಾರರೆ ನಡಸ್ತಾರ, ರಜಿಯಾ," ಅಂದರು. "ಧನಶ್ರೀನ್ನ ಬಿಟ್ಟು ಬಂದ ದಿನ ಫಕ್ರುಸಾಬ ನನ್ನ ಬಾಗಲಿಗೆ ಬಂದು, ಅಕ್ಕಾರ, ಮೊರಬದ ಹತ್ರ ಬರೂದ್ರಾಗ ಹುಡುಗಿ ನಕ್ಕಳ್ರಿ ಅಂದ್ನಲ್ಲ, ಅದನ್ನ ಬ್ಯಾರೆ ಯಾರು ಹೇಳ್ತಿದ್ರು? ಬಾಜೂಕ ಕೂತು ಹೋದ್ರ ಆ ಕೆಲಸ ಆಗೂದಿಲ್ಲೇನು? ಅವಗ ಹೇಳು ನೀ."

ರಜಿಯಾಬಿ ಹೇಳಿದಳು. ಫಕ್ರುಸಾಬ ಗೋಡೆಯ ಕಡೆ ಮುಖಮಾಡಿ, "ಅಕ್ಕಾರು ಮಾಸ್ತರಿಕಿ ಮಾಡಿದವರು, ಎಲ್ಲಾದಕ್ಕೂ ಅವರ ಕಡೆ ಮಾತೈತಿ," ಅಂದ.

ನಿಕಾಹ್ ಚೆನ್ನಾಗಿಯೇ ಆಯಿತು. ಮಂದಿ ಉಂಡು, ಬಿರ್ಯಾನಿಗೆ ಉಪ್ಪು ಸರಿಯಾಗಿತ್ತು ಎಂದರು. ತಬಸುಮ್ ಕೂಡ ತಪ್ಪು ತೆಗೆಯಲಿಲ್ಲ. ಇಳಿಹೊತ್ತಿನಲ್ಲಿ, ಮೂರನೆಯ ನಮಾಜಿನ ಹೊತ್ತಿಗೆ, ಹುಡುಗಿಯನ್ನು ಕಳಿಸುವ ಗದ್ದಲ ಶುರುವಾಯಿತು. ಮೀರಾಸಾಬ ಬೆಳಿಗ್ಗೆಯೇ ಬಂದು ಗಾಡಿ ತೊಳೆದು, ಚೆಂಡುಹೂವಿನ ಸರ ಕಟ್ಟಿ ನಿಲ್ಲಿಸಿದ್ದ. ಹುಡುಗನನ್ನೂ ಕೆಂಪು ಓಢಣಿಯ ಇರಮಳನ್ನೂ ಹಿಂದೆ ಕೂರಿಸಿದರು. ಹೆಂಗಸರೆಲ್ಲ ಅಳುತ್ತ ಕಿಟಕಿಗೆ ಮುತ್ತಿಕೊಂಡರು. ಅಷ್ಟರಲ್ಲಿ ಫಕ್ರುಸಾಬ ಬಿಳಿಯ ಹೊಸ ಅಂಗಿಯಲ್ಲಿ ಬಂದು, ಯಾರ ಮುಖವನ್ನೂ ನೋಡದೆ, ಸ್ಟೀರಿಂಗಿನ ಹಿಂದೆ ಕೂತ.

ದಾನೀಶ್ ತಾಯಿಯ ಕಡೆ ನೋಡಿದ. ರಜಿಯಾಬಿ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಇಷ್ಟು ಮಂದಿಯ ಮುಂದೆ, ಹೊಸ ಬೀಗರ ಮುಂದೆ ಅವನನ್ನು ಇಳಿಸುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

ಫಕ್ರುಸಾಬ ಕೀಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ತಿರುವಿದ. ಅದು ತಿರುಗಲಿಲ್ಲ. ಎರಡೂ ಕೈ ಹಚ್ಚಿದ. ಕೀ ಜಾರಿ ಕಾಲ ಬುಡಕ್ಕೆ ಬಿತ್ತು. ಬಗ್ಗಿ ಹುಡುಕಿ ಮತ್ತೆ ತೂರಿಸಿದ. ಗಾಡಿ ಚಾಲೂ ಆಗಲಿಲ್ಲ.

"ಬ್ಯಾಟರಿ ಕುಂತಿರಬೇಕು, ದೂಡ್ರಿ," ಎಂದು ಯಾರೋ ತೋಳು ಏರಿಸಿದರು.

"ಅಣ್ಣಿಗೇರಿಗೆ ಬಂಡಿ ಹೂಡಬೇಕಾಗ್ತೇತಿ," ಎಂದು ಹುಡುಗನ ಕಡೆಯ ಹಿರಿಯ ಬಾಷಾಸಾಬ ತಮಾಷೆ ಮಾಡಿದ. ಒಂದಿಬ್ಬರು ನಕ್ಕರು.

ದಾನೀಶ್ ಓಡಿಬಂದು ಕಿಟಕಿಗೆ ಬಗ್ಗಿದ. ಎಲ್ಲರಿಗೂ ಕೇಳುವಂತೆ, "ಸೆಲ್ಫ್ ಹಿಡದೈತಿ ಅಬ್ಬಾ. ಮೊನ್ನೆನ ತಕರಾರು ಇತ್ತು ಅದರದು. ಹಳೇ ಗಾಡಿ ನೋಡ್ರಿ, ಇಂಥಾ ಹೊತ್ತಿನ್ಯಾಗ ಕೈಕೊಡ್ತೇತಿ. ನೀವು ಈ ಕಡೆ ಬರ್ರಿ, ನಾ ಅದನ್ನ ಹೆಂಗರೆ ಮಾಡಿ ಎಬ್ಬಸ್ತೀನಿ," ಅಂದ.

ಫಕ್ರುಸಾಬ ಮಗನನ್ನು ನೋಡಿದ. ಮಗನ ಕಣ್ಣು ತುಂಬಿದ್ದವು, ಬಾಯಿ ಮಾತ್ರ ಗಾಡಿಯನ್ನು ಬೈಯುತ್ತಲೇ ಇತ್ತು.

"ಗಾಡಿ ಮ್ಯಾಲೆ ಹಾಕಬ್ಯಾಡ ದಾನೀಶ್," ಫಕ್ರುಸಾಬ ಅಂದ. ಧ್ವನಿ ಎತ್ತರವಾಗಿರಲಿಲ್ಲ, ಆದರೆ ಕಿಟಕಿಯ ಸುತ್ತಲಿದ್ದವರಿಗೆಲ್ಲ ಕೇಳಿಸಿತು. "ಗಾಡಿ ಛಲೋ ಐತಿ. ನನ್ನ ಕೈ ಹೋಗ್ಯಾವ."

ಇಳಿದ. ಗಾಡಿಯ ಮುಂದಿನಿಂದ ಸುತ್ತಿ ಬಂದ. ಮಂದಿ ದಾರಿ ಬಿಟ್ಟರು. ಬಾಷಾಸಾಬ ತಲೆ ತಗ್ಗಿಸಿ ತಾನೇ ಎಡಗಡೆಯ ಬಾಗಿಲು ತೆಗೆದು ಹಿಡಿದ. ಹಿಂದಿನ ಸೀಟಿನಲ್ಲಿ ಇರಮ್ ಓಢಣಿ ಹಿಂದಕ್ಕೆ ಸರಿಸಿದ್ದಳು.

"ಅಬ್ಬಾ, ಏನಂದ್ರಿ? ಕೈಗೆ ಏನಾಗೇತಿ? ಅಮ್ಮಾ, ಏನಾಗೇತಿ ಅಬ್ಬಾಗ?"

ರಜಿಯಾಬಿ ಕಿಟಕಿಯಿಂದ ಕೈ ಹಾಕಿ ಮಗಳ ಭುಜ ಹಿಡಿದಳು.

"ಹಾದ್ಯಾಗ ಹೇಳ್ತೀನಿ ಬೇಟಾ," ಫಕ್ರುಸಾಬ ಮುಂದೆ ನೋಡುತ್ತಲೇ ಅಂದ. "ಅಣ್ಣಿಗೇರಿ ದೂರ ಐತಿ. ಎಲ್ಲಾ ಹೇಳ್ತೀನಿ. ನಾ ಇಲ್ಲೇ ಅದೀನಿ, ನಿನ್ನ ಮುಂದನ."

ದಾನೀಶ್ ಕೂತು ಕೀ ತಿರುವಿದ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.

ಸೀಟಿನ ಬೆಲ್ಟು ಎಳೆದುಕೊಳ್ಳಲು ಫಕ್ರುಸಾಬ ಒಮ್ಮೆ ಕೈ ಎತ್ತಿ ಹಾಗೇ ಇಳಿಸಿದ. ರಜಿಯಾಬಿ ಬಗ್ಗಿ, ಬೆಲ್ಟನ್ನು ಅವನ ಎದೆಯ ಮೇಲಿಂದ ಎಳೆದು ಆಚೆ ಸಿಕ್ಕಿಸಿದಳು. ಅತ್ತರು ಮತ್ತು ಹೊಸ ಬಟ್ಟೆಯ ವಾಸನೆ ಬಂತು.

"ನೀ ಉಂಡಿ?" ಅವಳಿಗಷ್ಟೇ ಕೇಳುವಂತೆ ಅವನು ಕೇಳಿದ.

ಬೆಳಗಿನಿಂದ ಅವಳನ್ನು ಯಾರೂ ಈ ಮಾತು ಕೇಳಿರಲಿಲ್ಲ.

"ಇನ್ನೂ ಇಲ್ರಿ."

"ಹೋಗಿ ಉಣ್ಣು. ಎಲ್ಲಾರದೂ ಆಗೇತಿ."

ಅವಳು ಬಾಗಿಲು ಹಾಕಿದಳು. ಗಾಡಿ ಹೊರಟು ಹೋಯಿತು. ಮಂದಿ ಎರಡೆರಡಾಗಿ, ಮೂರುಮೂರಾಗಿ ಸದ್ದಿಲ್ಲದೆ ಕರಗಿದರು. ರಜಿಯಾಬಿ ಒಳಗೆ ಬಂದು ನಾಜಮೀನಳಿಗೆ, "ನನಗ ಒಂದ ತಾಟ ಹಾಕವಾ," ಅಂದಳು. ಖಾಲಿ ಹಂಡೆಗಳ ನಡುವೆ ಚಾಪೆಯ ಮೇಲೆ ಕೂತು ಉಣ್ಣತೊಡಗಿದಳು. ಕಣ್ಣೀರು ತಾಟಿನಲ್ಲಿ ಬೀಳುತ್ತಿತ್ತು. ಸೊಸೆ ತಾಟು ತೆಗೆಯಲು ಕೈ ಚಾಚಿದರೆ, "ಇರಲಿ ಬಿಡು, ಉಣ್ಣು ಅಂದಾರ," ಎಂದು ಅವಳು ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.